ಪದ ಪರಿಚಯ: ಮೊಲದ ‘ಏಳ್ಗಿ’ ಮತ್ತು ‘ಬಲಿತ ತೂಕ’

“ಮರಿ ಏಳ್ಗಿ ಆಗವಲ್ದು.” ಕುರಿ ಮರಿಯಿರಲಿ, ಎಮ್ಮೆ ಕರುವಿರಲಿ, ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಜೀವ ಸಾಕಿದವರ ಬಾಯಲ್ಲಿ ಇದು ದಿನದ ಮಾತು. ಮಾಂಸಕ್ಕಾಗಿ ಮೊಲ ಸಾಕುವವರೂ ಇದನ್ನೇ ಆಡುತ್ತಾರೆ, ಪುಸ್ತಕದ ಭಾಷೆಯಲ್ಲಿ ಇದು ‘ಕುಂಠಿತ ಬೆಳವಣಿಗೆ’. ಆದರೆ ಕುರಿಗೆ ಹೊಂದುವಷ್ಟು ಸಲೀಸಾಗಿ ಈ ಮಾತು ಮೊಲಕ್ಕೆ ಹೊಂದುವುದಿಲ್ಲ. ನಮ್ಮ ಹಟ್ಟಿಗಳಲ್ಲಿರುವುದು ಬಹುಪಾಲು ಬಳ್ಳಾರಿ ಕುರಿ, ಇಲ್ಲವೇ ಕೆಂಗುರಿ. ಒಂದರ ಮರಿ ಪಕ್ಕದ ಮನೆಯ ಮರಿಗಿಂತ ಹಗುರವಿದ್ದರೆ ಏನೋ ಕೊರತೆಯಿದೆ ಎಂದೇ ಅರ್ಥ. ಮೊಲದಲ್ಲಿ ಬಲಿತಾಗ 2 ಕೆಜಿ ತೂಗುವ ತಳಿಯೂ ಇದೆ, 6 ಕೆಜಿ ದಾಟುವ ತಳಿಯೂ ಇದೆ. ಎರಡರ ಮರಿಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಹೋಲಿಸಿದರೆ ಸಣ್ಣದೆಲ್ಲ ರೋಗಿ, ದೊಡ್ಡದೆಲ್ಲ ಭೇಷ್ ಎಂಬ ತಪ್ಪು ಲೆಕ್ಕ ಹುಟ್ಟುತ್ತದೆ.

ಆದ್ದರಿಂದ ‘ಏಳ್ಗಿ’ಯ ಜೊತೆಗೆ ಇನ್ನೊಂದು ಮಾತನ್ನು ಕಟ್ಟಿಕೊಳ್ಳಬೇಕು: ಬಲಿತ ತೂಕ. ಬೆಳವಣಿಗೆ ಪೂರ್ತಿ ನಿಂತ ಮೇಲೆ ಆ ತಳಿಯ ಮೊಲ ಬೊಜ್ಜಿಲ್ಲದೆ ತೂಗುವ ತೂಕ ಅದು. ಮರಿ ಹಿಂದೆ ಬಿದ್ದಿದೆಯೇ ಇಲ್ಲವೇ ಎಂಬುದನ್ನು ಅದರ ತಂದೆತಾಯಿಯ ಬಲಿತ ತೂಕದ ಎದುರಿಟ್ಟೇ ನೋಡಬೇಕು.

ಡಚ್ ತಳಿ ಬಲಿತಾಗ ಸುಮಾರು 2 ಕೆಜಿ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ 4ರಿಂದ 5 ಕೆಜಿ. ಕ್ಯಾಲಿಫೋರ್ನಿಯನ್ ಅದಕ್ಕಿಂತ ತುಸು ಕಡಿಮೆ. ಫ್ಲೆಮಿಶ್ ಜೈಂಟ್ 6 ಕೆಜಿಗೂ ಮೇಲೆ. ವೈಟ್ ಜೈಂಟ್, ಗ್ರೇ ಜೈಂಟ್ ಎಂಬ ಹೆಸರುಗಳೂ ಇಲ್ಲಿ ಕೇಳಿಬರುತ್ತವೆ. ಆದರೆ ಮಾರುವವರ ಬಾಯಲ್ಲಿ ‘ಜೈಂಟ್’ ಅನ್ನುವುದು ಬೆಲೆ ಏರಿಸುವ ಪದವೂ ಹೌದು. ಹೆಸರನ್ನು ನಂಬಬೇಡಿ, ತಾಯಿ ಮೊಲವನ್ನು ತೂಗಿಸಿ ನೋಡಿ. ಇನ್ನೊಂದು ಮಾತು: ಕಾಡು ಮೊಲದ ಜೊತೆ ಕ್ರಾಸ್ ಮಾಡಿದ ಗಟ್ಟಿ ತಳಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಕನ್ನಡದಲ್ಲಿ ಎರಡಕ್ಕೂ ‘ಮೊಲ’ ಎಂದೇ ಕರೆದರೂ ನಮ್ಮ ಹೊಲದಂಚಿನ ಕಾಡು ಮೊಲ ಬೇರೆಯೇ ಪ್ರಾಣಿ. ಅದರ ಮರಿ ಕೂದಲಿನೊಂದಿಗೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಸಾಕು ಮೊಲದ ಮರಿ ಬತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಎರಡೂ ಕೂಡಿ ಮರಿ ಆಗುವುದಿಲ್ಲ. ಕಾಡು ಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಈಗ ಲೆಕ್ಕ. ಒಂದು ಬಿಳಿ ಮರಿಯ ತಂದೆತಾಯಿ ಸರಾಸರಿ 4.2 ಕೆಜಿ. ಮರಿ 35ನೇ ದಿನ 600 ಗ್ರಾಂ, 77ನೇ ದಿನ 1,650 ಗ್ರಾಂ ಅನ್ನೋಣ. 42 ದಿನದಲ್ಲಿ 1,050 ಗ್ರಾಂ, ಅಂದರೆ ದಿನಕ್ಕೆ 25 ಗ್ರಾಂ. ಇನ್ನೊಂದು ಡಚ್ ಮಿಶ್ರ ಮರಿ, ತಂದೆತಾಯಿ 2.2 ಕೆಜಿ. ಅದು ಅಷ್ಟೇ ದಿನದಲ್ಲಿ 420 ಗ್ರಾಂನಿಂದ 1,200 ಗ್ರಾಂಗೆ ಬಂದಿದೆ, ದಿನಕ್ಕೆ 18–19 ಗ್ರಾಂ. ನೋಡಲು ಮೊದಲನೆಯದೇ ಗೆದ್ದಂತಿದೆ. ಆದರೆ ಅದು ತನ್ನ ಬಲಿತ ತೂಕದ ಶೇ. 39ರಲ್ಲಿದೆ, ಡಚ್ ಮರಿ ಶೇ. 55ಕ್ಕೆ ಬಂದಾಗಿದೆ. ಮಾಂಸದ ಮೊಲವನ್ನು ಸಾಮಾನ್ಯವಾಗಿ ಬಲಿತ ತೂಕದ ಅರ್ಧದಿಂದ ಶೇ. 60ರ ನಡುವೆ ಮಾರುತ್ತಾರೆ. ಆ ಅಳತೆಯಲ್ಲಿ ಡಚ್ ಮರಿ ಸಣ್ಣದು, ಆದರೆ ಹೊತ್ತಿಗೆ ಸರಿಯಾಗಿ ಬಂದಿದೆ. ದೊಡ್ಡದಾಗಿ ಕಾಣುವ ಬಿಳಿ ಮರಿಯೇ ಹಿಂದೆ ಬಿದ್ದಿರುವುದು.

ಹಾಗಾದರೆ ಜೈಂಟ್ ತಳಿಯನ್ನೇ ಸಾಕಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ದೊಡ್ಡ ತಳಿ ಮೊದಲು ಎಲುಬು ಕಟ್ಟುತ್ತದೆ, ಮಾಂಸ ಆಮೇಲೆ. 11 ವಾರದಲ್ಲಿ ಅದು 2 ಕೆಜಿ ತೂಗಬಹುದು, ಆದರೆ ಸೊಂಟದ ಮೇಲೆ ಕೈಯಿಟ್ಟರೆ ಬೆನ್ನೆಲುಬಿನ ಏಣು ಚುಚ್ಚುತ್ತದೆ. ಮೊದಲ ಸಲ ಮರಿ ಮಾಡಿಸಲು ಮಧ್ಯಮ ತಳಿಗೆ 5–6 ತಿಂಗಳು ಸಾಕು, ಇವಕ್ಕೆ 8–9 ತಿಂಗಳು. ಅಷ್ಟು ದಿನ ಕೂತು ತಿನ್ನುವ ತಾಯಿಯ ಮೇವಿನ ಖರ್ಚು ಮರಿಯ ಬೆಲೆಯಲ್ಲೇ ಬರಬೇಕು. ಭಾರದ ಮೈಗೆ ತಂತಿ ಜಾಲರಿಯ ಮೇಲೆ ಹಿಂಗಾಲಿನ ಪಾದ ಬೇಗ ಹುಣ್ಣಾಗುತ್ತದೆ, ಮೈ ದೊಡ್ಡದಾದಷ್ಟೂ ಬಿಸಿಲು ತಡೆಯುವುದು ಕಷ್ಟ. ಈ ಮೂರು ಜಿಲ್ಲೆಗಳಿಗೆ 3.5ರಿಂದ 4.5 ಕೆಜಿಯ ಮಧ್ಯಮ ತಳಿಯೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಂದ ಹಾಗೆ, ದಿನಕ್ಕೆ ಎಷ್ಟು ಗ್ರಾಂ ಬರಬೇಕು? ತಂಪು ದೇಶಗಳಲ್ಲಿ ಒಳ್ಳೆಯ ಪೆಲ್ಲೆಟ್ (ಒತ್ತಿ ಮಾಡಿದ ಗುಳಿಗೆ ಆಹಾರ) ತಿನ್ನುವ ಮಧ್ಯಮ ತಳಿಯ ಮರಿ 35–40 ಗ್ರಾಂ ಬೆಳೆಯುತ್ತದೆ. ಬಿಸಿ ಪ್ರದೇಶದಲ್ಲಿ ಸೊಪ್ಪು ಮುಖ್ಯವಾದ ಸಾಕಣೆಯಲ್ಲಿ 10–20 ಗ್ರಾಂ ಸಾಮಾನ್ಯ. ವಿಡಿಯೊ ನೋಡಿ 10 ವಾರಕ್ಕೆ 2 ಕೆಜಿ ಎಂದು ಬ್ಯಾಂಕ್ ಸಾಲದ ಲೆಕ್ಕ ಬರೆದುಕೊಂಡವರು ಎಡವುವುದು ಇಲ್ಲೇ.

ರಾಯಚೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂಬ ನಗೆಮಾತು ಮೊಲದ ಪಾಲಿಗೆ ನಗೆಯಲ್ಲ. ಮೊಲ ಬೆವರುವುದಿಲ್ಲ. ಮುಖ್ಯವಾಗಿ ಕಿವಿಯ ರಕ್ತನಾಳಗಳ ಮೂಲಕ ಮತ್ತು ಉಸಿರಿನ ಮೂಲಕ ಬಿಸಿ ಹೊರಹಾಕುತ್ತದೆ. ಅದಕ್ಕೆ ಹಿತ 15ರಿಂದ 25 ಡಿಗ್ರಿ. 30 ದಾಟಿದರೆ ತಿನ್ನುವುದು ಕಡಿಮೆ, 35 ದಾಟಿದರೆ ಮೈಯ ಬಿಸಿಯನ್ನು ಹಿಡಿತದಲ್ಲಿಡುವುದೇ ಕಷ್ಟ. ಏಪ್ರಿಲ್–ಮೇನಲ್ಲಿ ಇಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಏಳಡಿ ಎತ್ತರದ ತಗಡಿನ ಶೆಡ್ಡಿನೊಳಗೆ ಕೇಳುವುದೇ ಬೇಡ. ತಿಂದರೆ ಮೈಯೊಳಗೆ ಇನ್ನಷ್ಟು ಬಿಸಿ ಹುಟ್ಟುತ್ತದೆ, ಅದಕ್ಕೇ ಮೊಲ ತಿನ್ನುವುದನ್ನು ಬಿಡುತ್ತದೆ. ಅದು ರೋಗವಲ್ಲ, ಜೀವ ಉಳಿಸಿಕೊಳ್ಳುವ ದಾರಿ. ಟಾನಿಕ್ ಹಾಕಿದರೆ ಗುಣವಾಗುವಂಥದ್ದೂ ಅಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಶೆಡ್ಡಿಗೆ ಹೋಗಿ ನಿಪ್ಪಲ್ (ಮೊಲ ನೀರು ಕುಡಿಯುವ ಪೈಪಿನ ತುದಿ) ಒತ್ತಿ, ಬರುವ ನೀರನ್ನು ಅಂಗೈಗೆ ಹಿಡಿದು ನೋಡಿ. ಟ್ಯಾಂಕು ಮಾಳಿಗೆ ಮೇಲಿದ್ದು, ಕಪ್ಪು ಪೈಪು ತಗಡಿಗೆ ತಾಗಿಕೊಂಡು ಬಂದಿದ್ದರೆ ಕೈ ಸುಡುತ್ತದೆ. ಆ ನೀರನ್ನು ಮೊಲ ಕುಡಿಯುವುದಿಲ್ಲ. ಕುಡಿಯದಿದ್ದರೆ ಒಣ ಆಹಾರ ಮುಟ್ಟುವುದಿಲ್ಲ. ತಿಂದ ಒಣ ಆಹಾರದ ಒಂದೂವರೆಯಿಂದ ಎರಡು ಪಟ್ಟು ನೀರು ಮಾಮೂಲಿ ದಿನಕ್ಕೇ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಟ್ಯಾಂಕಿಗೆ ಗೋಣಿ ಸುತ್ತಿ ನೆರಳಿಗೆ ಇಳಿಸಿದರೆ, ಮಧ್ಯಾಹ್ನ ಒಮ್ಮೆ ಪೈಪಿನ ಬಿಸಿನೀರು ಹರಿಯಬಿಟ್ಟರೆ ಅರ್ಧ ಕೆಲಸವಾಯಿತು. ಬೋರಿನ ನೀರು ಸವಳಾಗಿದ್ದರೂ ಇದೇ ಕಥೆ. ಬಾಯಿಗೆ ಉಪ್ಪೆನಿಸುವ ನೀರಿದ್ದರೆ ಮರಿಗಳಿಗಾದರೂ ಸಿಹಿನೀರು ಹೊಂದಿಸಬೇಕು.

ಶೆಡ್ಡಿನ ಉದ್ದ ಪೂರ್ವ–ಪಶ್ಚಿಮಕ್ಕಿರಲಿ, ಬೇವಿನ ನೆರಳು ಸಿಕ್ಕರೆ ಬಿಡಬೇಡಿ, ತಗಡಿನ ಮೇಲೆ ಜೋಳದ ದಂಟೋ ಭತ್ತದ ಹುಲ್ಲೋ ದಪ್ಪಗೆ ಹೊದಿಸಿ. ಒದ್ದೆ ಗೋಣಿ ತೂಗುಬಿಡುವುದು ಏಪ್ರಿಲ್‌ನ ಒಣ ಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸಿಂಧನೂರು, ಗಂಗಾವತಿ ಕಡೆಯ ನೀರಾವರಿ ಊರುಗಳಲ್ಲಿ ಸುತ್ತ ಗದ್ದೆಯಲ್ಲಿ ನೀರು ನಿಂತಿರುವ ಮಳೆಗಾಲದಲ್ಲಿ ಅದೇ ಗೋಣಿ ಸೆಕೆ ಹೆಚ್ಚಿಸುತ್ತದೆ. ಆಗ ಬೇಕಾದ್ದು ಗಾಳಿ. ಮೇವಿನ ಹೆಚ್ಚು ಪಾಲನ್ನು ಸಂಜೆ ಏಳರ ಮೇಲೆ ಹಾಕಿ, ಉಳಿದದ್ದು ಬೆಳಗ್ಗೆ ಐದಕ್ಕೆ. ಮೊಲ ಮೂಲತಃ ರಾತ್ರಿ ತಿನ್ನುವ ಪ್ರಾಣಿ.

ಆಹಾರಕ್ಕೆ ಬರೋಣ. ಬೆಳೆಯುವ ಮರಿಗೆ ಶೇ. 16ರ ಆಸುಪಾಸು ಪ್ರೋಟೀನ್, ಶೇ. 12ಕ್ಕೆ ಕಡಿಮೆಯಿಲ್ಲದ ನಾರು ಬೇಕು. ನಾರು ಕಡಿಮೆಯಾದರೆ ಕರುಳಿನ ಚಲನೆ ನಿಧಾನವಾಗಿ, ಭೇದಿ ಹತ್ತುತ್ತದೆ, ಅದಕ್ಕೇ ಬರೀ ಮೆಕ್ಕೆಜೋಳದ ನುಚ್ಚು ಹಾಕಿ ದಪ್ಪ ಮಾಡಲು ಹೋದವರ ಮರಿ ಸಾಯುತ್ತದೆ. ನೂರು ಕೆಜಿಗೆ ಮೆಕ್ಕೆಜೋಳ 25, ಗೋಧಿ ಬೂಸಾ 30, ಸೋಯಾ ಹಿಂಡಿ 16, ಪುಡಿ ಮಾಡಿದ ಒಣ ಶೇಂಗಾ ಬಳ್ಳಿ 26.5, ಖನಿಜ ಮಿಶ್ರಣ 2, ಉಪ್ಪು ಅರ್ಧ ಕೆಜಿ ಹಾಕಿದರೆ ಈ ಲೆಕ್ಕ ಸರಿಹೋಗುತ್ತದೆ. ಶೇಂಗಾ ಬಳ್ಳಿ ಅಂದರೆ ಎಲೆಯಿರುವ ಬಳ್ಳಿ, ಕಾಯಿಯ ಸಿಪ್ಪೆಯಲ್ಲ. ಪುಡಿ ಮೂಗಿಗೆ ಏರದಂತೆ ತುಸು ನೀರು ಚಿಮುಕಿಸಿ, ಹುಳಿ ಬರುವ ಮುಂಚೆ ಉಳಿದದ್ದನ್ನು ಎತ್ತಿಬಿಡಿ. ಜೊತೆಗೆ ಕುದುರೆ ಮೆಂತ್ಯ, ಅಲಸಂದೆ, ನುಗ್ಗೆ ಸೊಪ್ಪು. ಕೊಯ್ದು ಒಂದೆರಡು ತಾಸು ಬಾಡಿಸಿ ಹಾಕಿದರೆ ಹೊಟ್ಟೆ ಉಬ್ಬರ ಕಡಿಮೆ.

ನಮ್ಮಲ್ಲಿ ಅಗ್ಗಕ್ಕೆ ಸಿಗುವ ಮೂರು ವಸ್ತುಗಳೇ ಏಳ್ಗಿ ಕೆಡಿಸುವುದರಲ್ಲಿ ಮುಂದು. ಒಂದು, ಶೇಂಗಾ ಹಿಂಡಿ. ತೇವ ತಗುಲಿ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ, ಇದಕ್ಕೆ ಅತಿ ಬೇಗ ಬಲಿಯಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು. ಸಾಯದಿದ್ದರೂ ಯಕೃತ್ತು ಕೆಟ್ಟು ಬೆಳವಣಿಗೆ ನಿಲ್ಲುತ್ತದೆ. ಮೇಲೆ ಬೂಷ್ಟು ಒರೆಸಿ ಹಾಕಿದರೆ ಒಳಗಿನ ವಿಷ ಹೋಗದು. ಎರಡು, ಹತ್ತಿಕಾಳು ಹಿಂಡಿ. ಎಮ್ಮೆಗೆ ಒಗ್ಗುವ ಇದು ಮೊಲಕ್ಕೆ ಒಗ್ಗುವುದಿಲ್ಲ, ಅದರಲ್ಲಿನ ಗಾಸಿಪಾಲ್ ಎಂಬ ವಿಷ ಕಾರಣ. ಮೂರು, ಅಕ್ಕಿ ಮಿಲ್ಲಿನ ಹಸಿ ತೌಡು. ಎಣ್ಣೆ ಅಂಶವಿರುವುದರಿಂದ ನಮ್ಮ ಬಿಸಿಲಿಗೆ ಕೆಲವೇ ದಿನದಲ್ಲಿ ಕಮಟು ವಾಸನೆ ಬಂದು ಮರಿ ಮೂಸಿ ಬಿಡುತ್ತದೆ. ಎಣ್ಣೆ ತೆಗೆದ ತೌಡಾದರೆ ಸ್ವಲ್ಪ ಬಳಸಬಹುದು. ಸುಬಾಬುಲ್ ಸೊಪ್ಪನ್ನೇ ದಿನವೂ ಹಾಕಿದರೆ ಅದರಲ್ಲಿನ ಮಿಮೋಸಿನ್ ಎಂಬ ವಿಷಾಂಶದಿಂದ ಕೂದಲು ಉದುರಿ ತೂಕ ನಿಲ್ಲುತ್ತದೆ. ಮೆಣಸಿನಕಾಯಿ, ಹತ್ತಿ, ಭತ್ತದ ಬದುವಿನ ಹುಲ್ಲು ತರುವಾಗ ಔಷಧಿ ಹೊಡೆದು ಎಷ್ಟು ದಿನವಾಯಿತೆಂದು ಹೊಲದವರನ್ನು ಕೇಳಿಯೇ ಕೊಯ್ಯಿರಿ.

ಇಷ್ಟೆಲ್ಲ ಸರಿಯಿದ್ದೂ ಮರಿ ಏಳದಿದ್ದರೆ ಎಲ್ಲಿಂದ ಹುಡುಕಬೇಕು? ಇಡೀ ಸೂಲಿಗೆ ಸೂಲೇ (ಒಂದು ಸಲ ಈದ ಮರಿಗಳೆಲ್ಲ) ಹಿಂದೆ ಬಿದ್ದಿದೆಯೋ, ಸೂಲಿನಲ್ಲಿ ಒಂದೆರಡೋ, ಅದನ್ನು ಮೊದಲು ನೋಡಿ. 21ನೇ ದಿನಕ್ಕೇ ಎಲ್ಲವೂ ಹಗುರವಿದ್ದರೆ ದೋಷ ತಾಯಿಯ ಹಾಲಿನದು. ಮೂರು ವಾರದವರೆಗೆ ಮರಿಯ ತೂಕವೆಂದರೆ ಹೆಚ್ಚುಕಡಿಮೆ ಹಾಲೇ. ತಾಯಿ ದಿನಕ್ಕೆ ಒಮ್ಮೆ, ಮೂರ್ನಾಲ್ಕು ನಿಮಿಷ ಮಾತ್ರ ಕುಡಿಸುತ್ತದೆ. ಮೊಲೆ 8–10 ಇದ್ದರೂ ಬೇಸಿಗೆಯಲ್ಲಿ ಆರು ಮರಿಗಿಂತ ಹೆಚ್ಚು ಬಿಡಬೇಡಿ. ಉಳಿದವನ್ನು ಹುಟ್ಟಿದ ಎರಡು ಮೂರು ದಿನದೊಳಗೆ, ಅದೇ ಹೊತ್ತಿಗೆ ಈದ ಇನ್ನೊಂದು ತಾಯಿಯ ಪೆಟ್ಟಿಗೆಗೆ ಸೇರಿಸಿ. 21ರವರೆಗೆ ಚೆನ್ನಾಗಿದ್ದು ತಾಯಿಯಿಂದ ಬಿಡಿಸಿದ ಮೇಲೆ ಕುಸಿದರೆ ಮೇವು ಏಕಾಏಕಿ ಬದಲಾಗಿದೆ, ಇಲ್ಲವೇ ಇಕ್ಕಟ್ಟಾಗಿದೆ. ಒಂದು ಮರಿಗೆ ಒಂದು ಚದರ ಅಡಿಯಾದರೂ ಬೇಕು.

ಸೂಲಿನಲ್ಲಿ ಒಂದೆರಡು ಮಾತ್ರ ಸೊರಗಿದ್ದರೆ ಹಿಡಿದು ನೋಡಿ. ಹೊಟ್ಟೆ ಮಡಕೆಯಂತೆ, ಬೆನ್ನು ಕತ್ತಿಯಂತೆ, ಕೂದಲು ಕಳೆಗುಂದಿ, ಹಿಕ್ಕೆ ಮೆತ್ತಗಿದ್ದರೆ ಕಾಕ್ಸಿಡಿಯೋಸಿಸ್ (ಕರುಳು, ಯಕೃತ್ತಿಗೆ ಹತ್ತುವ ಪರಜೀವಿ ರೋಗ) ಇರಬಹುದು. ಕೊಯ್ದಾಗ ಯಕೃತ್ತಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅನುಮಾನ ಬಲವಾಗುತ್ತದೆ. ಹಿಕ್ಕೆ ಕೆಳಗೆ ಬೀಳುವ ಜಾಲರಿ, ಒಣ ನೆಲ, ನೆಲಕ್ಕೆ ತಾಗದ ಮೇವಿನ ತೊಟ್ಟಿ ಅದರ ಮೂಲ ಮದ್ದು. ಕೋಳಿ ಆಹಾರ ಹಾಕಿ ಸರಿಪಡಿಸಲು ಹೋಗಬೇಡಿ. ಅದರಲ್ಲಿ ಬೆರೆಸಿರಬಹುದಾದ ಸಲಿನೋಮೈಸಿನ್, ನರಾಸಿನ್ ಎಂಬ ಕೋಳಿಯ ಔಷಧಿಗಳು ಮೊಲವನ್ನು ಕೊಲ್ಲಬಹುದು. ಬಾಯಿಗೆ ಹಾಕುವ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗಳೂ ಅಷ್ಟೇ ಅಪಾಯ, ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನೇ ಅಳಿಸುತ್ತವೆ. ಔಷಧಿಯನ್ನು ಪಶುವೈದ್ಯರೇ ಬರೆಯಲಿ. ತುಟಿ ಎತ್ತಿ ಹಲ್ಲನ್ನೂ ನೋಡಿ. ಮೊಲದ ಮುಂಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಮೇಲಿನದು ಕೆಳಗಿನದಕ್ಕೆ ಕೂಡದಿದ್ದರೆ ಸವೆಯದೆ ಕೊಂಬಿನಂತೆ ಬಾಗುತ್ತದೆ. ಅಂಥ ಮರಿ ಹಸಿದೇ ಇರುತ್ತದೆ. ದೋಷ ವಂಶದಿಂದಲೂ ಬರುವುದರಿಂದ ಅದನ್ನು ಮರಿ ಮಾಡಿಸಲು ಇಟ್ಟುಕೊಳ್ಳಬಾರದು.

ವರ್ಷದಿಂದ ವರ್ಷಕ್ಕೆ ಇಡೀ ಶೆಡ್ಡಿನ ಗಾತ್ರವೇ ಇಳಿಯುವುದು ಬೇರೆ ಸಂಗತಿ, ಎಲ್ಲಕ್ಕಿಂತ ಹೆಚ್ಚು ನಷ್ಟ ಅಲ್ಲೇ. ಏಳು ಹೆಣ್ಣು, ಮೂರು ಗಂಡಿನ ಯೂನಿಟ್ ತಂದು ಹೊರಗಿನ ರಕ್ತವಿಲ್ಲದೆ ನಾಲ್ಕೈದು ತಲೆಮಾರು ಮಾಡಿಸಿದರೆ ಅಣ್ಣ ತಂಗಿಯರೇ ಕೂಡುತ್ತವೆ. ಮರಿ ಕಡಿಮೆ, ತೂಕ ಕಡಿಮೆ. ಅದಕ್ಕೂ ಮಿಗಿಲಾಗಿ, ಗಿರಾಕಿ ಬಂದಾಗ ದಪ್ಪ ಮರಿಯನ್ನು ಮಾರಿ, ಮಾರಾಟವಾಗದ ಬಡಕಲನ್ನು ‘ಮುಂದೆ ಮರಿಗೆ ಆಗುತ್ತೆ’ ಎಂದು ಉಳಿಸಿಕೊಳ್ಳುವ ರೂಢಿ. ಹೀಗೆ ಪ್ರತಿ ಸಲವೂ ನಿಧಾನ ಬೆಳೆಯುವುದನ್ನೇ ನಾವು ಆರಿಸುತ್ತಾ ಹೋಗುತ್ತೇವೆ. ತಳಿ ಕೆಟ್ಟಿತೆಂದು ಆಮೇಲೆ ಮಾರಿದವರನ್ನು ಬೈದು ಫಲವಿಲ್ಲ.

ಇದಕ್ಕೆ ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಬಕೆಟ್, ಒಂದು ನೋಟ್‌ಬುಕ್. ಬೆಳಗಿನ ಮೇವಿಗೆ ಮುಂಚೆ 21ನೇ ದಿನ ಇಡೀ ಸೂಲನ್ನು ಒಟ್ಟಿಗೆ, 35, 56, 84ನೇ ದಿನ ಒಂದೊಂದನ್ನೇ ತೂಗಿ ಕಿವಿಯ ಗುರುತಿನೊಂದಿಗೆ ಬರೆಯಿರಿ. 84 ದಿನ ದಾಟಿದ ಮೇಲೆ ಬೆಳವಣಿಗೆ ಇಳಿಮುಖ, ಅದೇ ಒಂದು ಕೆಜಿ ತೂಕಕ್ಕೆ ಮೇವು ಹೆಚ್ಚುತ್ತಾ ಹೋಗುತ್ತದೆ. ಗಂಡನ್ನು ಆರಿಸುವಾಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದ ಸೂಲುಗಳನ್ನು ತಮ್ಮತಮ್ಮಲ್ಲೇ ಹೋಲಿಸಿ. ಮಾರ್ಚ್‌ನಲ್ಲಿ ಹುಟ್ಟಿದ ಮರಿಯನ್ನು ನವೆಂಬರ್‌ನಲ್ಲಿ ಹುಟ್ಟಿದ ಮರಿಯ ಎದುರಿಟ್ಟರೆ ತಕ್ಕಡಿ ಅಳೆಯುವುದು ಬಿಸಿಲನ್ನು, ವಂಶವನ್ನಲ್ಲ. ಹಾಗೆಯೇ ಒಂದು ಮಾರ್ಚ್ ಸೂಲಿನಲ್ಲಿ ಉಳಿದವೆಲ್ಲ 15 ಗ್ರಾಂಗೆ ನಿಂತಾಗ 22 ಗ್ರಾಂ ಬೆಳೆದ ಮರಿ ಸಿಕ್ಕರೆ, ಅದಕ್ಕೆ ಗಿರಾಕಿ ಎಷ್ಟೇ ಕೊಟ್ಟರೂ ಕೊಡಬೇಡಿ.