ಕೆಂಪು ಅಂದ್ರೆ ಕೋಪಾನಾ? ಪಕ್ಕದ ಬಣ್ಣ ಕೇಳಿ ನೋಡಿ

ಸಾಗರದ ಹತ್ರ ಒಂದು ದೀವರ ಸಮುದಾಯದ ಮದುವೆ ಮನೇಲಿ, ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರದ ಮುಂದೆ ಒಬ್ರು ನಿಂತ್ಕೊಂಡು "ಕೆಂಪು ಅಂದ್ರೆ ಕೋಪ, ತ್ರಿಕೋನ ಅಂದ್ರೆ ಬೆಂಕಿ" ಅಂತ ಕ್ಲಾಸ್ ತಗೋತಿದ್ರು. ಚಿತ್ತಾರ ಬರೆದ ಅಜ್ಜಿ ಎಲೆಅಡಿಕೆ ಜಗೀತಾ "ಕೆಮ್ಮಣ್ಣು ಧರೇಲೇ ಸಿಗ್ತದಲ ತಮ್ಮಾ" ಅಂದ್ರು, ಅಷ್ಟೇ. ಬಿಳಿ ಅಕ್ಕಿ ಹಿಟ್ಟಿಂದು, ಕಪ್ಪು ಸುಟ್ಟ ಅಕ್ಕಿದು, ಬ್ರಷ್ಷು ಪುಂಡಿ ನಾರಿಂದು.

ಆಕಾರಗಳಿಗೆ ಅರ್ಥ ಇಲ್ಲ ಅಂತಲ್ಲ, ಇದೆ, ಆದ್ರೆ ಅದು ಊರು ಕಲಿಸಿದ್ದು. ಕಾಂಡಿನ್ಸ್ಕಿಯಂಥ ದೊಡ್ಡ ಕಲಾವಿದನೇ 1923ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೇಲಿ ಪ್ರಶ್ನೆಪತ್ರಿಕೆ ಹಂಚಿ ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ ಅಂತ ಗಂಟು ಹಾಕಿದ್ದ, ಆಮೇಲೆ ಬೇರೆಯವರು ಅದೇ ಪ್ರಶ್ನೆ ಕೇಳಿದ್ರೆ ಉತ್ತರ ಬೇರೆ ಬಂತು.

ಆದ್ರೆ ಬಣ್ಣ ಹೆಂಗೆ ಕಾಣುತ್ತೆ ಅನ್ನೋದನ್ನ ಪಕ್ಕದ ಬಣ್ಣ ಬದಲಿಸುತ್ತೆ. ಅದನ್ನ ತೋರಿಸೋಕೆ ನಾನು ಹೊಸ ಶರ್ಟಿನ ಡಬ್ಬದ ಬೂದು ರಟ್ಟಲ್ಲಿ ಬೆಂಕಿಪೊಟ್ಟಣದಷ್ಟು ಎರಡು ತುಂಡು ಕತ್ತರಿಸಿ ಒಂದನ್ನ ಕೆಮ್ಮಣ್ಣಿನ ಮೇಲೆ, ಇನ್ನೊಂದನ್ನ ಪಕ್ಕದ ಸುಣ್ಣದ ಗೋಡೆ ಮೇಲೆ ಅಂಟಿಸಿದೆ. ಸುಣ್ಣದ ಮೇಲಿಂದು ಇನ್ನೂ ಕಪ್ಪಗೆ ಕಾಣ್ತು, ಕೆಮ್ಮಣ್ಣಿನ ಮೇಲಿಂದಕ್ಕೆ ತೆಳು ಹಸಿರು ಛಾಯೆ ಬಂತು. ಅಕ್ಕನ ಮಗಳು "ಮಾಮ, ಬೇರೆ ಬೇರೆ ರಟ್ಟು ತಂದು ಮೋಸ ಮಾಡ್ತಿದೀಯ" ಅಂತ ಕಿತ್ತು ಜೋಡಿಸಿ ನೋಡಿದ್ಲು, ಎರಡೂ ಒಂದೇ.

ನಮ್ಮ ಬೀದಿ ನಲ್ಲಿ ನೆನಪಿಸ್ಕೊಳಿ. ಅಕ್ಕಪಕ್ಕದವರು ಪಂಪ್ ಹಾಕಿದ್ರೆ ನಮ್ಮ ಕೊಡ ತುಂಬಲ್ಲ, ಹಂಗೇ ಕಣ್ಣಿನ ಒಳಪರದೇಲಿ (ರೆಟಿನಾ) ಬೆಳಕು ಬಿದ್ದ ಕೋಶ ಪಕ್ಕದ ಕೋಶದ ಸಿಗ್ನಲ್ ತಗ್ಗಿಸುತ್ತೆ. ಸುಣ್ಣ ಅಂದ್ರೆ ಸುತ್ತ ಎಲ್ಲರ ಪಂಪೂ ಆನ್, ಪಾಪ ಬೂದು ಒಣಗಿಹೋಗುತ್ತೆ. ಇಲ್ಲಾಂದ್ರೆ ರಶ್ ಬಸ್ಸಲ್ಲಿ ಮೂರು ಜನದ ಸೀಟು ನೋಡಿ, ನಡುವಿನವನಿಗೆ ಎರಡು ಕಡೆ ಮೊಣಕೈ, ಕಿಟಕಿಯವನಿಗೆ ಒಂದೇ ಕಡೆ, ಅದಕ್ಕೇ ಬೆಳಕಿನ ಅಂಚಲ್ಲಿರೋ ಕೋಶದ ಸಿಗ್ನಲ್ ಜೋರು, ಗೆರೆ ಚೂಪಾಗಿ ಕಾಣುತ್ತೆ. ಹಾರ್ಟ್‌ಲೈನ್ ಅನ್ನೋ ವಿಜ್ಞಾನಿ ಕುದುರೆಲಾಳದ ಏಡಿಯ ಕಣ್ಣಲ್ಲಿ ಇದನ್ನ ಅಳೆದ್ರು, 1967ರ ನೊಬೆಲ್‌ನಲ್ಲಿ ಪಾಲೂ ಸಿಕ್ತು. ಬಣ್ಣದಲ್ಲೂ ಇದೇ ಜಗಳ, ಸುತ್ತಲಿನ ಕೆಂಪು ಬೂದಿನಲ್ಲಿರೋ ಕೆಂಪನ್ನ ತುಳಿಯುತ್ತೆ, ಹಸಿರು ತಲೆ ಎತ್ತುತ್ತೆ. ಮಿದುಳೂ ಮಧ್ಯ ಕೈ ಹಾಕುತ್ತೆ ಅನ್ನಿ.

ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೇಲಿ "ನಿಮ್ಮ ಕಪ್ಪು ದಾರ ಸಪ್ಪೆ" ಅಂತ ದೂರು ಬಂದಾಗ ಅಲ್ಲಿನ ಕೆಮಿಸ್ಟ್ ಶೆವ್ರಲ್ ಹುಡುಕಿದ್ದೂ ಇದನ್ನೇ, ದಾರದ್ದೇನೂ ತಪ್ಪಿರಲಿಲ್ಲ, ಪಕ್ಕದ ನೀಲಿ ನೇರಳೆಯದ್ದು. 1839ರಲ್ಲಿ ಪುಸ್ತಕ ಬರೆದ, 102 ವರ್ಷ ಬದುಕಿದ. ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅಂತೂ 1950ರಿಂದ ಸಾಯೋ ತನಕ ಚೌಕದೊಳಗೆ ಚೌಕ ಇಟ್ಟು ಇದೇ ಆಟ ಆಡಿದ.

ಮೂರನೇ ತುಂಡು ಕತ್ತರಿಸ್ತಿದ್ದೆ, ಅಜ್ಜಿ ಬಂದು "ಗೋಡೆ ಮಣ್ಣು ಕಿತ್ತು ಬತ್ತದೆ, ಆ ರಟ್ಟು ತೆಗಿ" ಅಂದ್ರು.