ತೆಳು ಅಂಚಿನ ಚಾವಣಿಗಳು

ಕ್ಯಾಲಿಫೋರ್ನಿಯಾದ ಮರುಭೂಮಿ ಪಟ್ಟಣವಾದ ಪಾಮ್ ಸ್ಪ್ರಿಂಗ್ಸ್‌ನ ಟ್ವಿನ್ ಪಾಮ್ಸ್ ಬಡಾವಣೆಯಲ್ಲಿ ನಡೆದು ಹೋಗುವವರಿಗೆ, ಅಲ್ಲಿನ ಮನೆಗಳ ನಕ್ಷೆ ಹೆಚ್ಚುಕಡಿಮೆ ಒಂದೇ ಎಂಬುದು ಹೊಳೆಯುವುದೇ ಇಲ್ಲ. 1950ರ ದಶಕದ ಉತ್ತರಾರ್ಧದಲ್ಲಿ ಅಲೆಕ್ಸಾಂಡರ್ ಕನ್‌ಸ್ಟ್ರಕ್ಷನ್ ಕಂಪನಿಗಾಗಿ ವಾಸ್ತುಶಿಲ್ಪಿ ವಿಲಿಯಂ ಕ್ರಿಸೆಲ್ ರೂಪಿಸಿದ ಈ ಮನೆಗಳ ತಳಹದಿ ಸುಮಾರು 1,600 ಚದರಡಿಯ ಚೌಕ. ಆ ಚೌಕವನ್ನು ಒಂದು ನಿವೇಶನದಲ್ಲಿ ನೇರವಾಗಿ, ಪಕ್ಕದ್ದರಲ್ಲಿ ಕಾಲು ಸುತ್ತು ತಿರುಗಿಸಿ ಕೂರಿಸಿದರು. ಒಂದಕ್ಕೆ ಚಪ್ಪಟೆ ಚಾವಣಿ, ಇನ್ನೊಂದಕ್ಕೆ ಚಿಟ್ಟೆಯ ರೆಕ್ಕೆಗಳಂತೆ ಎರಡೂ ಬದಿಗೆ ಮೇಲೆದ್ದ ಚಾವಣಿ ಕೊಟ್ಟರು. ಒಳಗಿನ ಅಳತೆಗಳು ಬದಲಾಗದ ಕಾರಣ ಕಟ್ಟುವ ಖರ್ಚು ಹಿಡಿತದಲ್ಲಿ ಉಳಿಯಿತು, ಬೀದಿಗೂ ಏಕತಾನತೆ ಬರಲಿಲ್ಲ.

ಹೀಗಾಗಿ ಈ ಮನೆಗಳ ಗುರುತೆಲ್ಲ ಚಾವಣಿಯಲ್ಲಿದೆ. ಭಾರವನ್ನು ಕಂಬ ಮತ್ತು ತೊಲೆಗಳು ಹೊರುವುದರಿಂದ ಗೋಡೆಯ ಮೇಲ್ಭಾಗಕ್ಕೆ ಗಾಜು ಹಾಕಲು ಸಾಧ್ಯವಾಯಿತು. ಕೋಣೆಯಲ್ಲಿ ಕುಳಿತವರಿಗೆ ಆ ಗಾಜಿನಲ್ಲಿ ಸ್ಯಾನ್ ಹಸಿಂಟೊ ಬೆಟ್ಟದ ನೆತ್ತಿ ಕಾಣುತ್ತದೆ. ತಲೆಯೆತ್ತಿದರೆ ಕಾಣುವ ಮರದ ಹಲಗೆಯೇ ಚಾವಣಿಯ ಅಡಿಮೈ, ನಡುವೆ ಅಟ್ಟವೆಂಬುದಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನಲ್ಲಿ ಇದು ಕಷ್ಟವೇ ಸರಿ.

ಆದ್ದರಿಂದ ಮನೆಯವರು ಹಲಗೆಯ ಮೇಲೆ ಉಷ್ಣನಿರೋಧಕ ಫೋಮ್ ಹಾಕಿಸುತ್ತಾರೆ. ಒಳಗಿನ ಹಲಗೆಯನ್ನೂ ತೊಲೆಯನ್ನೂ ಮುಚ್ಚದೆ ಉಳಿಸಲು ಅದೇ ಸರಿಯಾದ ದಾರಿ. ತಪ್ಪಾಗುವುದು ಅಂಚಿನಲ್ಲಿ. ಫೋಮನ್ನು ಒಂದೇ ದಪ್ಪದಲ್ಲಿ ಸೂರಿನ ತುದಿಯವರೆಗೂ ಎಳೆದು, ಆ ದಪ್ಪವನ್ನು ಮರೆಮಾಡಲು ಅಗಲದ ಪಟ್ಟಿ ಹೊಡೆದಾಗ, ಗಾಜಿನ ಮೇಲೆ ತೇಲುವಂತಿದ್ದ ಚಾವಣಿ ಮುಚ್ಚಳದಂತೆ ಕಾಣತೊಡಗುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ದಪ್ಪ ಅಲ್ಲಿ ಬೇಕಾಗಿಯೇ ಇರಲಿಲ್ಲ: ಗೋಡೆಯಿಂದಾಚೆ ಚಾಚಿದ ಸೂರಿನ ಕೆಳಗೆ ತಂಪಾಗಿಡಬೇಕಾದ ಕೋಣೆಯಿಲ್ಲ, ಅಲ್ಲಿರುವುದು ನೆರಳು ಮಾತ್ರ. ಪೂರ್ಣ ದಪ್ಪವನ್ನು ಗೋಡೆಯ ಗೆರೆಯನ್ನು ತುಸು ದಾಟುವವರೆಗೆ ಮಾತ್ರ ಇರಿಸಿ, ಅಲ್ಲಿಂದ ಇಳಿಜಾರಾಗಿ ತೆಳುಗೊಳಿಸಿದರೆ ತುದಿಯ ಪಟ್ಟಿ ಹಳೆಯ ಅಗಲದಲ್ಲೇ ಉಳಿಯುತ್ತದೆ. ಚಿಟ್ಟೆ ಚಾವಣಿಯಲ್ಲಾದರೆ ನಡುವಿನ ತಗ್ಗಿಗೆ ಇನ್ನಷ್ಟು ಗಮನ ಬೇಕು. ಮಳೆ ಅಪರೂಪವಾದರೂ ಬಂದ ನೀರೆಲ್ಲ ಅಲ್ಲಿಗೇ ಇಳಿಯುವುದರಿಂದ, ಫೋಮ್ ಆ ತಗ್ಗನ್ನು ತುಂಬಿ ನೀರಿನ ಹಾದಿ ಕಟ್ಟದಂತೆ ನೋಡಿಕೊಳ್ಳಬೇಕು.

ಹಳೆಯ ಪಟ್ಟಿಯನ್ನು ಕಿತ್ತ ಮೇಲೆ ಅದರ ಅಗಲ ಯಾರಿಗೂ ನೆನಪಿರುವುದಿಲ್ಲ. ಕೆಲಸದವರು ಏಣಿ ಹತ್ತುವ ಮೊದಲೇ ಅದನ್ನು ಅಳೆದು, ಗುತ್ತಿಗೆ ಪತ್ರದಲ್ಲಿ ಬರೆಸಿರಿ.