ಚಪ್ಪಲಿ ಒಳಗೆ ತನ್ನಿ

ನನ್ನ ಕ್ಲಿನಿಕ್ಕಿನ ಬಾಗಿಲಿಗೆ ‘ಚಪ್ಪಲಿ ಒಳಗೆ ತನ್ನಿ’ ಅಂತ ಬೋರ್ಡ್ ಹಾಕಿದ್ದೇನೆ. ಆದರೂ ಬಹಳ ಜನ ಹೊರಗೇ ಬಿಟ್ಟು ಬರುತ್ತಾರೆ. ಡಾಕ್ಟ್ರ ಎದುರು ಚಪ್ಪಲಿ ಹಾಕಿಕೊಂಡು ಕೂರೋದಾ ಅನ್ನೋ ಸಂಕೋಚ. ಕೊನೆಗೆ ನಾನೇ ಎದ್ದು ಹೋಗಿ, ‘ಇದರಲ್ಲಿ ನಿಮ್ಮದು ಯಾವುದು?’ ಅಂತ ಕೇಳಿ ಎತ್ತಿಕೊಂಡು ಬರುತ್ತೇನೆ. ಅವರಿಗೆ ಇನ್ನೂ ಮುಜುಗರ.

ಕಾಲು ನೋಡುವವನಿಗೆ ಚಪ್ಪಲಿ ಅಂದರೆ ಅರ್ಧ ಕೇಸ್ ಶೀಟ್. ಹಿಮ್ಮಡಿ ಯಾವ ಕಡೆ ಸವೆದಿದೆ, ಹೆಬ್ಬೆರಳ ಬುಡದಲ್ಲಿ ಎಷ್ಟು ಗುಳಿ ಬಿದ್ದಿದೆ, ಉಂಗುಷ್ಟ ಎಲ್ಲಿ ಉಜ್ಜುತ್ತಿದೆ, ಎಲ್ಲ ಅದರಲ್ಲೇ ಇರುತ್ತದೆ.

ಒಮ್ಮೆ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. ಹದಿನಾಲ್ಕು ವರ್ಷದ ಶುಗರ್. ನೆಲ ಒರೆಸುವಾಗ ರಕ್ತದ ಕಲೆ ಕಂಡು ಹೆಂಡತಿ ಎಳೆದುಕೊಂಡು ಬಂದಿದ್ದರು. ‘ನೋವೇ ಇಲ್ಲ ಡಾಕ್ಟ್ರೇ, ಇವಳದು ಸುಮ್ನೆ ಗಾಬರಿ.’ ಪಾದ ನೋಡೋಣ ಅಂತ ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡರು. ‘ಛೆ ಛೆ, ನೀವು ಕಾಲು ಮುಟ್ಟಬಾರದು.’ ಇದು ನನ್ನ ಕೆಲಸದಲ್ಲಿ ದಿನಾ ಇರೋ ಮಾತು. ಹೊರಗಿದ್ದ ಚಪ್ಪಲಿ ತಂದು ಒಳಗೆ ಬೆರಳಾಡಿಸಿದೆ. ರಿಪೇರಿಗೆ ಹೊಡೆದ ಮೊಳೆಯ ತುದಿ ಮೇಲೆ ಎದ್ದಿತ್ತು. ಅದರ ಮೇಲೇ ನಾಲ್ಕು ದಿನ ನಡೆದಿದ್ದರು.

ಕಣ್ಣು ಮುಚ್ಚಿಸಿ ಮಾನೋಫಿಲಮೆಂಟ್ ತೆಗೆದೆ. ಬ್ರಷ್ಷಿನ ಒಂದೇ ಕೂದಲಿನಂಥ ನೈಲಾನ್ ಎಳೆ ಅದು. ಬಾಗುವವರೆಗೆ ಒತ್ತಿದರೆ ಸರಿಯಾಗಿ 10 ಗ್ರಾಂ ಒತ್ತಡ ಬೀಳುತ್ತದೆ. ‘ಗೊತ್ತಾದಾಗ ಹೂಂ ಅನ್ನಿ’ ಅಂದೆ. ಒಂದು ಕಡೆ ಒತ್ತಿದೆ, ಇನ್ನೊಂದು, ಮತ್ತೊಂದು. ಮೇಷ್ಟ್ರು ನೆಮ್ಮದಿಯಾಗಿ ಕಾಯುತ್ತಾ ಕೂತಿದ್ದರು. ಹೆಂಡತಿಗೆ ತಡೆಯಲಾಗಲಿಲ್ಲ. ‘ರೀ, ಆಗ್ಲಿಂದ ಒತ್ತುತ್ತಾನೇ ಇದ್ದಾರಲ್ರೀ!’

ಶುಗರ್‌ನಿಂದ ಪಾದ ಜೋಮು ಹಿಡಿದಿತ್ತು. ನೋವಿಲ್ಲ ಅನ್ನೋದೇ ಇಲ್ಲಿ ಕಾಯಿಲೆ. ಇದನ್ನು ನಮಗೆಲ್ಲ ಕಲಿಸಿಕೊಟ್ಟವರಲ್ಲಿ ವೆಲ್ಲೂರಿನ ಸರ್ಜನ್ ಪಾಲ್ ಬ್ರಾಂಡ್ ಮುಖ್ಯರು. ಕುಷ್ಠರೋಗಿಗಳ ಬೆರಳು ರೋಗದಿಂದ ತಾನಾಗೇ ಉದುರೋದಿಲ್ಲ, ನೋವು ಗೊತ್ತಾಗದೆ ಪೆಟ್ಟಾಗಿ ಆಗಿ ಹಾಳಾಗುತ್ತದೆ ಅಂತ ಅವರು ತೋರಿಸಿದರು. 1966ರಲ್ಲಿ ಅಮೆರಿಕಕ್ಕೆ ಹೋದರು. ಕುಷ್ಠದ ಕಾಲಿನಲ್ಲಿ ಕಲಿತದ್ದು ಮುಂದೆ ಶುಗರ್ ಕಾಲಿಗೂ ಬಂತು. ನಾನು ಚೀಟಿಯಲ್ಲಿ ಬರೆದುಕೊಡುವ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿಯ ಮೆತ್ತನೆ ರಬ್ಬರ್ ಕೂಡ ಕುಷ್ಠರೋಗಿಗಳಿಗೆ ಅಂತಲೇ ಬಳಕೆಗೆ ಬಂದದ್ದು. ಕೆಲವರು ‘ಅದು ರೋಗಿಗಳ ಚಪ್ಪಲಿ ತರ ಕಾಣುತ್ತೆ’ ಅಂತ ಮದುವೆಗೆ ಹಾಕಿಕೊಳ್ಳೋದಿಲ್ಲ. ಹುಣ್ಣಾಗೋದು ಅಂಥ ದಿನಗಳಲ್ಲೇ ಜಾಸ್ತಿ.

ಆಣಿಯನ್ನು ಮನೆಯಲ್ಲೇ ಬ್ಲೇಡಿನಿಂದ ಕೆತ್ತೋದು, ಅಂಗಡಿಯ ಕಾರ್ನ್ ಕ್ಯಾಪ್ ಅಂಟಿಸೋದು ಇನ್ನೊಂದು ತಲೆನೋವು. ಆ ಪಟ್ಟಿಯಲ್ಲಿರುವುದು ಆ್ಯಸಿಡ್. ಆಣಿ ಯಾವುದು, ಒಳ್ಳೆ ಚರ್ಮ ಯಾವುದು ಅಂತ ಅದಕ್ಕೇನು ಗೊತ್ತು? ಬಿಸಿನೀರಲ್ಲಿ ಕಾಲಿಡುವುದೂ ಅಷ್ಟೇ. ಜೋಮು ಹಿಡಿದ ಕಾಲಿಗೆ ಕುದಿಯೋ ನೀರೂ ಉಗುರುಬೆಚ್ಚಗೇ ಅನ್ನಿಸುತ್ತದೆ.

ನಾನು ಆಣಿ ಕೆತ್ತಿ, ದಪ್ಪಗಾದ ಉಗುರು ತೆಗೆದು ಬಿಲ್ ಕೊಟ್ಟರೆ, ‘ಉಗುರು ಕತ್ತರಿಸೋಕೆ ಇಷ್ಟಾ?’ ಅಂತಾರೆ. ಬೇಜಾರಿಲ್ಲ. ಕೆಲಸ ಕಾಣೋದೇ ಹಾಗೆ.

ಹೋದ ತಿಂಗಳು ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು, ಈ ಕೆಲಸಕ್ಕೆ ಏನು ಓದಬೇಕು ಅಂತ ಕೇಳಿದಳು. ಇಂಗ್ಲೆಂಡಿನಲ್ಲಾದರೆ ಉತ್ತರ ಸುಲಭ. 3 ವರ್ಷದ ಡಿಗ್ರಿ, ಆಮೇಲೆ ರಿಜಿಸ್ಟ್ರೇಷನ್. ಅದಿಲ್ಲದೆ ಪೋಡಿಯಾಟ್ರಿಸ್ಟ್, ಅಂದರೆ ಪಾದದ ಚಿಕಿತ್ಸಕ, ಅಂತ ಬೋರ್ಡ್ ಹಾಕುವ ಹಾಗಿಲ್ಲ. ಅಮೆರಿಕದಲ್ಲಿ ಡಿಗ್ರಿ ಆದಮೇಲೆ 4 ವರ್ಷ, ಮೇಲೆ 3 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಆಪರೇಷನ್ನೂ ಅವರೇ ಮಾಡುತ್ತಾರೆ. ನಮ್ಮ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲೂ ಪೋಡಿಯಾಟ್ರಿಸ್ಟ್ ಅನ್ನೋ ಹೆಸರಿದೆ. ಆದರೆ ಊರಲ್ಲಿ ಹುಡುಕಿದರೆ ಸಿಗೋದು ನನ್ನ ಹಾಗೆ ಸರ್ಜರಿ ಓದಿ ಈ ಕಡೆ ತಿರುಗಿಕೊಂಡವರು, ಇಲ್ಲವೇ ಕೆಲಸ ಮಾಡುತ್ತಲೇ ಕಲಿತ ನರ್ಸ್, ಫಿಸಿಯೋಥೆರಪಿಸ್ಟ್‌ಗಳು. ಅವಳಿಗೆ ‘ಫಿಸಿಯೋ ಅಥವಾ ನರ್ಸಿಂಗ್ ಮಾಡು, ರಜೆಯಲ್ಲಿ ಒಂದು ವಾರ ಇಲ್ಲಿ ಬಂದು ಕೂತ್ಕೋ’ ಅಂದೆ. ಹುಣ್ಣಿನ ವಾಸನೆ ತಡೆದುಕೊಂಡರೆ ಮುಂದಿನದು ಮಾತಾಡೋಣ.

ಮೇಷ್ಟ್ರ ಗಾಯ ಎರಡು ತಿಂಗಳಲ್ಲಿ ಮಾಗಿತು. ಮೊನ್ನೆ ತೋರಿಸೋಕೆ ಬಂದಿದ್ದರು. ಬೋರ್ಡ್ ಓದಿದ್ದಾರೆ. ಹೊಸ ಎಂಸಿಆರ್ ಚಪ್ಪಲಿಯನ್ನು ಕವರಿನಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಒಳಗೆ ಬಂದರು.